ಹಿಡಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ

ಹೆಂಡತಿ: ನನ್ನ ಕಾಲಿನ ಸುದ್ದಿಗೆ ಮಾತ್ರ ಬರಬೇಡಿ, ಹೇಳಿಬಿಟ್ಟಿದ್ದೀನಿ!

ನಾನು: ಕಾಲಿನ ಸುದ್ದಿಗೆ ಯಾರು ಬಂದ್ರು? ಕಾಲಿನ ಕೆಳಗಿರೋ ಪೆಡಲ್ಲಿನ ಸುದ್ದಿಗೆ ಬಂದೆ.

ಹೆಂಡತಿ: ಎರಡೂ ಒಂದೇ. ಕ್ಲಚ್ಚು ಹೋಯ್ತು ಅಂದ ತಕ್ಷಣ ನಿಮ್ಮ ಕಣ್ಣು ಎಂಜಿನ್ ಕಡೆ ಹೋಗಲಿಲ್ಲ, ಚಕ್ರದ ಕಡೆ ಹೋಗಲಿಲ್ಲ, ಸೀದಾ ನನ್ನ ಎಡಗಾಲಿನ ಕಡೆ ಹೋಯ್ತು.

ನಾನು: ಚಪ್ಪಲಿ ಹೊಸದು ಅಂತ ನೋಡಿದೆ.

ಹೆಂಡತಿ: ಹೊಸದಲ್ಲ, ಹೋದ ವರ್ಷದ್ದು. ಇಷ್ಟು ದಿನ ನೋಡಿರಲಿಲ್ಲ. ಕ್ಲಚ್ಚು ಕೆಟ್ಟ ಮೇಲೆ ಕಾಣಿಸ್ತು!

ನಮ್ಮ ಕಾರು ಆಗ ಅರ್ಧ ಶೆಡ್ಡಿನೊಳಗೆ, ಅರ್ಧ ಹೊರಗೆ ನಿಂತಿತ್ತು. ಶೆಡ್ಡಿನಿಂದ ಗೇಟಿಗೆ ಒಂದು ಸಣ್ಣ ಏರು. ಅದನ್ನು ಹತ್ತುವಾಗ ಎಂಜಿನ್ನು ಬೆಟ್ಟವನ್ನೇ ಕಿತ್ತು ಬರುವಂತೆ ಅರಚಿತು, ಕಾರು ಮಾತ್ರ ತನಗೂ ಆ ಸದ್ದಿಗೂ ಸಂಬಂಧವೇ ಇಲ್ಲವೆಂಬಂತೆ ನಿಂತುಬಿಟ್ಟಿತು. ಸ್ಟೇರಿಂಗಿನ ಹಿಂದೆ ನನ್ನ ಹೆಂಡತಿ, ಸೀಟ್ ಬೆಲ್ಟ್ ಹಾಕಿಕೊಂಡೇ ಜಗಳವಾಡುತ್ತಿದ್ದಳು. ಅವಳಿಗೆ ಲೈಸೆನ್ಸ್ ಬಂದು ಇನ್ನೂ ವಾರವಾಗಿರಲಿಲ್ಲ. ಅವಳ ತಂಗಿ ವರ್ಷಗಳಿಂದ ಒಂದೇ ಕೈಯಲ್ಲಿ ಕಾರು ಓಡಿಸುವವಳು. ಇನ್ನೊಂದು ಕೈಯಲ್ಲಿ ಅಕ್ಕನನ್ನು ಗೇಲಿ ಮಾಡುವವಳು. ಆ ತಂಗಿಗೆ ಇವಳು, 'ಭಾನುವಾರ ನಿಮ್ಮನೆಗೆ ನಾನೇ ಕಾರು ಬಿಟ್ಟುಕೊಂಡು ಬರ್ತೀನಿ' ಎಂದು ಹೇಳಿಬಿಟ್ಟಿದ್ದಳು. ಇವತ್ತು ಆ ಭಾನುವಾರ.

ನಾನು: ನೋಡು, ಸಮಾಧಾನವಾಗಿ ಕೇಳು. ನಿನ್ನದು ಹೊಲಿಗೆ ಮಷಿನ್ ತುಳಿದ ಕಾಲು. ಅದಕ್ಕೆ ಸುಮ್ಮನಿರೋದು ಗೊತ್ತಿಲ್ಲ. ಕೆಳಗೆ ಏನು ಸಿಕ್ಕಿದ್ರೂ ಅದನ್ನ ತುಳೀತಾ ಇರುತ್ತೆ.

ಹೆಂಡತಿ: ಆ ಕಾಲು ಸುಮ್ಮನಿದ್ದಿದ್ರೆ ನಿಮ್ಮ ಪ್ಯಾಂಟಿನ ಸೊಂಟ ವರ್ಷಾ ವರ್ಷಾ ಬಿಚ್ಚಿ ಅಗಲ ಮಾಡ್ತಿದ್ದೋರು ಯಾರು?

ಉಸಿರು ಹಿಡಿದು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡೆ.

ನಾನು: ಸರಿ, ಇಳಿ. ನಾನು ಕೂತು ನೋಡ್ತೀನಿ.

ಹೆಂಡತಿ: ಇಳಿಯೋದಾ? ನಾನು ಇಳಿದ್ರೆ ನೀವು ಹತ್ತುತ್ತೀರಿ. ಆಮೇಲೆ ನಿಮ್ಮನ್ನ ಇಳಿಸೋಕೆ ಕ್ರೇನ್ ತರಿಸಬೇಕು. ನೀವು ಮುಂದೆ ಹೋಗಿ ರಿಪೇರಿ ಮಾಡಿ. ಕಾಲಿನ ಕೆಲಸ ಏನಿದ್ರೂ ನಾನು ಇಲ್ಲಿಂದಲೇ ಮಾಡ್ತೀನಿ.

ನಾನು: ಕಾಲಿಂದಲೇ ಹಾಳಾಗಿದ್ದು ಅಂತಿದ್ದೀನಿ, ಅದೇ ಕಾಲಿಂದ ರಿಪೇರಿ ಅಂತೀಯಲ್ಲ!

ಹೆಂಡತಿ: ಹಾಗಾದ್ರೆ ಬನ್ನಿ, ಒಂದು ಮಾತಿಗೆ. ಇದು ನನ್ನ ಕಾಲಿನ ತಪ್ಪಾಗಿದ್ರೆ ಇನ್ನು ಮುಂದೆ ಸ್ಟೇರಿಂಗ್ ಮುಟ್ಟಲ್ಲ. ಲೈಸೆನ್ಸನ್ನ ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕ್ತೀನಿ. ನಿಮ್ಮ ಕಾಲಿನ ತಪ್ಪಾಗಿದ್ರೆ?

ನಾನು: ನನ್ನ ಕಾಲು ತಪ್ಪು ಮಾಡೋ ಕಾಲೇ ಅಲ್ಲ.

ಹೆಂಡತಿ: ಆಗಿದ್ರೆ?

ನಾನು: ಆಗಿದ್ರೆ ನಾನೂ ಮುಟ್ಟಲ್ಲ, ಆಯ್ತಾ! ಆದ್ರೆ ತೀರ್ಪು ಕೊಡೋರು ಯಾರು?

— ನಾನಿದ್ದೀನಲ್ಲ!

ಧ್ವನಿ ಕಾಂಪೌಂಡ್ ಗೋಡೆಯ ಮೇಲಿನಿಂದ ಬಂತು. ಅಲ್ಲಿ ಒಂದು ಬೋಳುತಲೆ, ಅದರ ಕೆಳಗೆ ಒಂದು ಕನ್ನಡಕ, ಅದರ ಕೆಳಗೆ ಪರಮಾನಂದ. ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಅವರು ಕ್ಲಿನಿಕ್ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಅವರ ಮುಂದೆ ಬಾಯಿ ತೆರೆಯುವವರೇ ಇಲ್ಲ. ಹಾಗಾಗಿ ಬೀದಿಯಲ್ಲಿ ಏನು ತೆರೆದಿದ್ದರೂ ಬಂದು ಇಣುಕುತ್ತಾರೆ: ಚರಂಡಿಯ ಮುಚ್ಚಳವಾಗಲಿ, ಮೀಟರ್ ಪೆಟ್ಟಿಗೆಯಾಗಲಿ. ನಾನು ಬಾನೆಟ್ ಎತ್ತುವಷ್ಟರಲ್ಲಿ ಗೇಟು ದಾಟಿ ಬಂದೇಬಿಟ್ಟರು.

ಡಾಕ್ಟ್ರು: ಇನ್ನೂ ಸ್ವಲ್ಪ ಅಗಲವಾಗಿ ತೆಗೀರಿ. ಹಾಂ... ಇನ್ನೂ ಸ್ವಲ್ಪ. ಸಾಕು. ಏನು ತೊಂದರೆ? ಎಷ್ಟು ದಿನದಿಂದ?

ನಾನು: ಹೋದ ವಾರದಿಂದ ಸ್ವಲ್ಪ ಸ್ವಲ್ಪ ಇತ್ತು ಡಾಕ್ಟ್ರೇ. ಇವತ್ತು ಪೂರ್ತಿ.

ಡಾಕ್ಟ್ರು: ತಣ್ಣಗಿದ್ದಾಗ ಜಾಸ್ತಿನಾ, ಬಿಸಿಯಾದಾಗ ಜಾಸ್ತಿನಾ?

ನಾನು: ಬಿಸಿಯಾದಾಗ.

ಡಾಕ್ಟ್ರು: ಅಂದ್ರೆ ಬೇರಿನವರೆಗೂ ಹೋಗಿದೆ. ಮೊದಲೇ ಬರಬೇಕಿತ್ತು ನೀವು.

ಹೆಂಡತಿ: ಡಾಕ್ಟ್ರೇ, ಅದು ಹಲ್ಲಲ್ಲ, ಕ್ಲಚ್ಚು.

ಡಾಕ್ಟ್ರು: ಎಲ್ಲಾ ಒಂದೇ ಅಮ್ಮಾ. ಕಚ್ಚೋದು, ಬಿಡೋದು, ಸವೆಯೋದು. ಈಗ ಹೇಳಿ, ಕಚ್ಚೋಕೆ ಕಷ್ಟನಾ, ಬಿಡೋಕೆ ಕಷ್ಟನಾ?

ಇಲ್ಲಿಂದ ಶುರುವಾಯಿತು.

ನಾನು: ಬಿಟ್ಟಾಗ ಹಿಡೀತಿಲ್ಲ.

ಹೆಂಡತಿ: ಏನು ಬಿಟ್ಟಾಗ ಏನು ಹಿಡೀತಿಲ್ಲ?

ನಾನು: ಪೆಡಲ್ ಬಿಟ್ಟಾಗ ಪ್ಲೇಟು ಹಿಡೀತಿಲ್ಲ. ಕಾಲಲ್ಲಿ ಪೆಡಲ್ ಹಿಡಿದ್ರೆ ಒಳಗಿರೋ ಪ್ಲೇಟು ಎಂಜಿನ್ನನ್ನ ಬಿಡುತ್ತೆ. ಪೆಡಲ್ ಬಿಟ್ರೆ ಪ್ಲೇಟು ಹಿಡಿಯುತ್ತೆ. ಆಗ ಗಾಡಿ ಹೋಗುತ್ತೆ.

ಹೆಂಡತಿ: ಅಂದ್ರೆ ಹಿಡಿದ್ರೆ ಬಿಡುತ್ತೆ, ಬಿಟ್ರೆ ಹಿಡಿಯುತ್ತೆ.

ನಾನು: ಸರಿಯಾಗಿ ಹಿಡಿದೆ!

ಹೆಂಡತಿ: ಪೆಡಲ್ಲಾ? ಇಲ್ಲ, ಬಿಟ್ಟಿದ್ದೀನಿ.

ನಾನು: ಪೆಡಲ್ಲಲ್ಲ, ಮಾತು! ನನ್ನ ಮಾತನ್ನ ಸರಿಯಾಗಿ ಹಿಡಿದೆ ಅಂದೆ.

ಹೆಂಡತಿ: ಹಾಗಾದ್ರೆ ಈಗ ತೊಂದರೆ ಏನು? ಹಿಡಿದಾಗ ಏನಾಗುತ್ತೆ?

ನಾನು: ಹಿಡಿದಾಗ ಬಿಡ್ತಿದೆ.

ಹೆಂಡತಿ: ಬಿಟ್ಟಾಗ?

ನಾನು: ಬಿಟ್ಟಾಗಲೂ ಬಿಡ್ತಿದೆ.

ಡಾಕ್ಟ್ರು: ಸ್ವಲ್ಪ ಬಿಡಿಸಿ ಹೇಳಿ ಸ್ವಾಮಿ.

ನಾನು: ಬಿಡಿಸೋದಲ್ಲ ಡಾಕ್ಟ್ರೇ, ಹಿಡಿಸಬೇಕು!

ಇದನ್ನೆಲ್ಲ ನಾನು ಕಲಿತದ್ದು ಆ ಬೆಳಿಗ್ಗೆಯೇ, ಫೋನಿನಲ್ಲಿ ಒಂದು ವಿಡಿಯೋ ನೋಡಿ. ಅದರಲ್ಲಿದ್ದ ಮನುಷ್ಯ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದನೋ ನನಗೆ ಗೊತ್ತಾಗಲಿಲ್ಲ. ಆದರೆ ಅವನ ಮುಖದಲ್ಲಿದ್ದ ಆತ್ಮವಿಶ್ವಾಸ ಪೂರ್ತಿ ಅರ್ಥವಾಯಿತು. ಓಡಿಸುವಾಗ ಸುಮ್ಮಸುಮ್ಮನೆ ಕಾಲನ್ನು ಕ್ಲಚ್ ಪೆಡಲ್ಲಿನ ಮೇಲೆ ಇಟ್ಟುಕೊಂಡೇ ಇದ್ದರೆ ಪ್ಲೇಟು ಅರ್ಧ ಹಿಡಿದು ಅರ್ಧ ಬಿಟ್ಟು ಸವೆಯುತ್ತದೆ; ಪೆಡಲ್ಲಿನಿಂದ ಹೋಗುವ ಕೇಬಲ್ಲಿಗೆ ಇರಬೇಕಾದ ಆಟ, ಅಂದರೆ ಚೂರು ಸಡಿಲ, ಇಲ್ಲವಾಗುತ್ತದೆ; ಕೇಬಲ್ಲಿನ ತುದಿಯ ನಟ್ಟನ್ನು ಒಂಚೂರು ಸಡಿಲ ಮಾಡಿದರೆ ಪ್ಲೇಟು ಮತ್ತೆ ಹಿಡಿಯುತ್ತದೆ. ಇಷ್ಟನ್ನು ಅವನು ಬೆರಳಲ್ಲಿ ತೋರಿಸಿದ್ದ.

ಹೆಂಡತಿ: ಕಾಲಿಟ್ಟುಕೊಂಡೇ ಇದ್ದದ್ದು ಯಾರು ಅನ್ನೋದೇ ಪ್ರಶ್ನೆ.

ಡಾಕ್ಟ್ರು: ಪ್ರಶ್ನೆ ಆಮೇಲೆ. ಮೊದಲು ನೋವು ನಿಲ್ಲಿಸೋಣ. ಕೆಲಸ ಮಾಡುವಾಗ ನೋವಾದ್ರೆ ಎಡಗೈ ಎತ್ತಿ ಅಮ್ಮಾ.

ಹೆಂಡತಿ: ನನಗ್ಯಾಕೆ ನೋವಾಗುತ್ತೆ?

ಡಾಕ್ಟ್ರು: ಎಲ್ಲರೂ ಮೊದಲು ಹಾಗೇ ಅಂತಾರೆ.

ನಾನು ಬಾನೆಟ್ಟಿನೊಳಗೆ ತಲೆ ತೂರಿಸಿದೆ. ಪೆಡಲ್ ಒತ್ತಿದಾಗ ಕೇಬಲ್ ಎಷ್ಟು ಎಳೆಯುತ್ತದೆಂದು ಮೊದಲು ನೋಡಬೇಕಿತ್ತು.

ನಾನು: ಹಿಡಿ!

ಹೆಂಡತಿ: ಏನನ್ನ? ಪೆಡಲ್ಲನ್ನೋ, ಪ್ಲೇಟನ್ನೋ?

ನಾನು: ಪ್ಲೇಟು ನಿನ್ನ ಕಾಲಿಗೆ ಸಿಗುತ್ತಾ?

ಹೆಂಡತಿ: ನೀವು ಪ್ಲೇಟು ಹಿಡಿಯೋ ಹಾಗೆ ಮಾಡು ಅಂತ ಹೇಳ್ತಿದ್ದೀರೇನೋ ಅಂದುಕೊಂಡು ಪೆಡಲ್ ಬಿಟ್ಟೆ.

ನಾನು: ಬಿಟ್ಯಾ? ಮತ್ತೆ ಕೇಬಲ್ ಸಡಿಲ ಆಯ್ತಲ್ಲ, ನಾನು ಒತ್ತಿದೀಯ ಅಂದುಕೊಂಡು ಖುಷಿ ಪಟ್ಟೆ! ನೋಡು, ಹಿಡಿ ಬಿಡು ಬೇಡವೇ ಬೇಡ. ಕಾಲು ಕೆಳಗೆ ಹೋಗೋದಕ್ಕೆ 'ಒತ್ತು'. ಮೇಲೆ ಬರೋದಕ್ಕೆ 'ಎತ್ತು'. ಸರಿನಾ?

ಹೆಂಡತಿ: ಸರಿ.

ನಾನು (ಬಾನೆಟ್ಟಿನೊಳಗಿಂದ): ಒತ್ತು!

ಹೆಂಡತಿ: ಎತ್ತಿದೆ!

ನಾನು: ಎತ್ತು ಅನ್ನಲಿಲ್ಲ, ಒತ್ತು ಅಂದೆ!

ಹೆಂಡತಿ: ಅದೇ, ಎತ್ತೇ ಇದ್ದೀನಲ್ಲ!

ನಾನು: ಅಯ್ಯೋ, ಒ! ಒಲೆಯ ಒ!

ಹೆಂಡತಿ: ಎಲೆಯ ಎ ನಾ?

ಡಾಕ್ಟ್ರು: ಇದಕ್ಕೆ ನನ್ನ ಹತ್ತಿರ ಒಳ್ಳೆ ಮಾತಿದೆ. ಒತ್ತೋಕೆ 'ಕಚ್ಚಿ' ಅನ್ನಿ. ಮೇಲೆ ಬರೋಕೆ 'ಬಾಯಿ ಬಿಡಿ' ಅನ್ನಿ. ಇಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ತಪ್ಪು ಮಾಡಿಲ್ಲ.

ನಾನು: ಕಚ್ಚೋದು ಪ್ಲೇಟಾ, ಪೆಡಲ್ಲಾ ಅಂತ ಮತ್ತೆ ಕೇಳ್ತಾಳೆ ಡಾಕ್ಟ್ರೇ.

ಹೆಂಡತಿ: ಕೇಳೋದಿನ್ನೇನು! ನನಗೆ ಒಂದು ದಾರಿ ಗೊತ್ತು. ನೀವು ಯಾರೂ ಏನೂ ಹೇಳಬೇಡಿ. ನಾನೇ ಒತ್ತಿದಾಗ ಒಂದು ಹಾರ್ನ್ ಹೊಡೀತೀನಿ, ಎತ್ತಿದಾಗ ಎರಡು.

ಇದು ನಿಜಕ್ಕೂ ಬುದ್ಧಿವಂತ ಏರ್ಪಾಡು. ಮೂರು ಸಲ ಚೆನ್ನಾಗಿ ನಡೆಯಿತು. ನಾಲ್ಕನೆಯ ಸಲ ನನಗೆ ಒಂದು ಹಾರ್ನು ಕೇಳಿಸಿ, ಒತ್ತಿದ್ದಾಳೆಂದು ಧೈರ್ಯವಾಗಿ ಬೆರಳು ಹಾಕಿದೆ; ಹಾರ್ನು ಹೊಡೆದದ್ದು ಬೀದಿಯಲ್ಲಿ ಹೋಗುತ್ತಿದ್ದ ಸ್ಕೂಟರು. ಬೆರಳನ್ನು ಹೊರಗೆಳೆದು ಬಾಯಲ್ಲಿಟ್ಟುಕೊಂಡೆ. ಡಾಕ್ಟರು ತಕ್ಷಣ, 'ಬಾಯಿ ತೆಗೆದದ್ದು ತೆಗೆದಿರಿ, ಮೇಲಿನ ದವಡೆಯಲ್ಲಿ ಒಂದು ಹುಳುಕಿದೆ' ಎಂದು ತಿಳಿಸಿದರು.

ಅಷ್ಟರಲ್ಲಿ ಹೆಂಡತಿಯ ಫೋನು ರಿಂಗಾಯಿತು. ಅವಳು ಫೋನನ್ನು ಕಿವಿಗಿಡುವುದಿಲ್ಲ, ಸ್ಪೀಕರಿಗೆ ಹಾಕಿ ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಹಾಗಾಗಿ ಅವಳ ಗುಟ್ಟುಗಳೆಲ್ಲ ಬೀದಿಗೇ ಗೊತ್ತು.

ತಂಗಿ: ಅಕ್ಕಾ, ಹೊರಟ್ರಾ?

ಹೆಂಡತಿ: ಹೊರಟ್ವಿ ಕಣೇ. ಆಗಲೇ ಅರ್ಧ ಬಂದಿದ್ದೀವಿ.

ಇದು ಸುಳ್ಳಲ್ಲ. ಕಾರು ಶೆಡ್ಡಿನಿಂದ ಸರಿಯಾಗಿ ಅರ್ಧವೇ ಬಂದಿತ್ತು.

ತಂಗಿ: ಕಾರು ಯಾರು ಬಿಡ್ತಿರೋದು, ಭಾವನಾ?

ಹೆಂಡತಿ: ಭಾವ ಯಾಕೆ? ನಾನೇ! ಸ್ಟೇರಿಂಗ್ ಮುಂದೆ ಕೂತಿದ್ದೀನಿ.

ತಂಗಿ: ಕಾರು ಓಡಿಸ್ತಾ ಫೋನಲ್ಲಿ ಮಾತಾಡ್ತಿದ್ದೀಯಾ? ಅಕ್ಕಾ!

ಹೆಂಡತಿ: ಇಲ್ಲ ಕಣೇ, ನಿಂತಿದೆ. ಸಿಗ್ನಲ್ಲು.

ನಾನು (ಬಾನೆಟ್ಟಿನೊಳಗಿಂದ): ಒತ್ತೇ! ಒತ್ತು ಅಂದ್ನಲ್ಲ!

ತಂಗಿ: ಯಾರದು 'ಒತ್ತು ಒತ್ತು' ಅಂತ ಕೂಗ್ತಿರೋದು?

ಹೆಂಡತಿ: ನಿಮ್ಮ ಭಾವ. ಸೀಟ್ ಬೆಲ್ಟು ಹೊಟ್ಟೆ ಒತ್ತುತ್ತಾ ಇದೆಯಂತೆ.

ಡಾಕ್ಟ್ರು (ಬಾನೆಟ್ಟಿನೊಳಗೆ ಇಣುಕುತ್ತ): ಇನ್ನೂ ಅಗಲವಾಗಿ ಬಾಯಿ ತೆಗೀರಿ ಸ್ವಾಮಿ, ಒಳಗೆ ಏನೂ ಕಾಣಿಸ್ತಿಲ್ಲ!

ತಂಗಿ: ಅದ್ಯಾರು?

ಹೆಂಡತಿ: ಸಿಗ್ನಲ್ ಬಿಟ್ಟಿತು ಕಣೇ, ಇಡ್ತೀನಿ.

ಫೋನು ಇಟ್ಟವಳೇ ಬಾನೆಟ್ಟಿನ ಸಂದಿಯಿಂದ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನನ್ನ ಬೆರಳಿನ ನೋವೇ ಮರೆತುಹೋಯಿತು.

ಹೆಂಡತಿ: ಕೇಳಿಸ್ತಲ್ಲ? ಇವತ್ತು ನಾನು ಅವಳ ಗೇಟಿನ ಮುಂದೆ ಇದೇ ಸೀಟಿಂದ ಇಳೀಬೇಕು. ಬಾಡಿಗೆ ಗಾಡೀಲಿ ಹೋಗಿ ಇಳಿದ್ರೆ ಇನ್ನು ಇಡೀ ಜನ್ಮ ಅವಳು ನನ್ನ ಕಾಲೆಳೀತಾಳೆ. ಅದೂ ಈ ಎಡಗಾಲನ್ನೇ.

ನಾನು: ನಟ್ಟು ಎಲ್ಲಿದೆ ಅಂತಲೇ ಕಾಣ್ತಿಲ್ಲ ಕಣೇ. ಈ ಪೈಪಿನ ಹಿಂದೆ ಗೋಡೆ ಕಡೆ ಮುಖ ಮಾಡಿಕೊಂಡು ಕೂತಿದೆ, ಮುನಿಸಿಕೊಂಡಿರೋ ಹಾಗೆ.

ಡಾಕ್ಟರು ಈ ಮಾತಿಗಾಗಿಯೇ ಕಾದಿದ್ದರೇನೋ. ಜೇಬಿನಿಂದ ಉದ್ದ ಹಿಡಿಯ, ನಾಣ್ಯದಷ್ಟು ಅಗಲದ ಒಂದು ಪುಟ್ಟ ಕನ್ನಡಿ ತೆಗೆದರು. ಜೀವಮಾನವೆಲ್ಲ ಊರಿನವರ ದವಡೆಯ ಹಿಂಭಾಗ ತೋರಿಸಿದ ಕನ್ನಡಿ. ಅದನ್ನು ಪೈಪಿನ ಹಿಂದೆ ಹಿಡಿದದ್ದೇ ತಡ, ನಟ್ಟಿನ ಮುಖ ಫಳಫಳ ಕಂಡಿತು.

ನಾನು: ಕಂಡ್ತು! ಕಂಡ್ತು ಡಾಕ್ಟ್ರೇ! ಈಗ ಎಡಕ್ಕೆ ತಿರುಗಿಸಿದ್ರೆ ಸಡಿಲ. ನೋಡಿ, ತಿರುಗ್ತಿದೆ!

ಸ್ಪ್ಯಾನರ್ ಹಾಕಿ ಕನ್ನಡಿಯಲ್ಲಿ ಕಂಡಂತೆ ಎಡಕ್ಕೆ ಚೆನ್ನಾಗಿ ತಿರುಗಿಸಿದೆ. ಇನ್ನು ಪರೀಕ್ಷೆ. ಇದನ್ನೂ ವಿಡಿಯೋದವನೇ ತೋರಿಸಿದ್ದ: ಹ್ಯಾಂಡ್ ಬ್ರೇಕ್ ಎಳೆದು, ದೊಡ್ಡ ಗೇರು ಹಾಕಿ, ಕ್ಲಚ್ ಬಿಡಬೇಕು. ಕ್ಲಚ್ಚು ಗಟ್ಟಿಯಾಗಿದ್ದರೆ ಎಂಜಿನ್ನು ಆಫ್ ಆಗುತ್ತದೆ. ಜಾರುತ್ತಿದ್ದರೆ ಓಡುತ್ತಲೇ ಇರುತ್ತದೆ.

ಹೆಂಡತಿ: ಬಿಡ್ತಿದ್ದೀನಿ... ಬಿಟ್ಟೆ... ರೀ! ಆಫ್ ಆಗಲಿಲ್ಲ! ಎಷ್ಟು ಚೆನ್ನಾಗಿ ಓಡ್ತಿದೆ ನೋಡಿ!

ನಾನು: ಅಯ್ಯೋ ಅಯ್ಯೋ, ಯಾಕೆ ಆಫ್ ಮಾಡಲಿಲ್ಲ!

ಹೆಂಡತಿ: ಏನಂದ್ರಿ? ಕಲಿಸುವಾಗೆಲ್ಲ ಚೌಕ ಚೌಕದಲ್ಲೂ ಎಂಜಿನ್ ಆಫ್ ಮಾಡಿದೆ, ಆಫ್ ಮಾಡಿದೆ ಅಂತ ಬೈದ್ರಿ. ಮೊದಲನೇ ಸಲ ಆಫ್ ಮಾಡದೆ ಬಿಟ್ಟಿದ್ದೀನಿ, ಈಗ ಯಾಕೆ ಮಾಡಲಿಲ್ಲ ಅಂತ ಬೈತೀರಿ!

ನಾನು: ಈಗ ಆಫ್ ಆದ್ರೆ ಒಳ್ಳೇದು. ಸಾಯ್ಬೇಕು ಅದು!

ಡಾಕ್ಟ್ರು: ಸಾಯ್ಬೇಕಾ? ನಮ್ಮಲ್ಲಿ ಹಾಗಾದ್ರೆ ಪೊಲೀಸ್ ಬರ್ತಾರೆ.

ನಾನು: ಹಾಗಲ್ಲ ಡಾಕ್ಟ್ರೇ. ಸತ್ತರೆ ಹುಷಾರಾಗಿದೆ ಅಂತ. ಬದುಕಿದ್ರೆ ಕಾಯಿಲೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕನ್ನಡಿಯನ್ನು ನೋಡಿದರು, ನನ್ನನ್ನು ನೋಡಿದರು.

ಡಾಕ್ಟ್ರು: ನೀವು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ರಾ?

ನಾನು: ಮತ್ತೆ?

ಡಾಕ್ಟ್ರು: ಸ್ವಾಮಿ! ಕನ್ನಡಿಯಲ್ಲಿ ಎಡ ಕಂಡ್ರೆ ಅದು ಬಲ! ನೀವು ಸಡಿಲ ಮಾಡಿಲ್ಲ, ಬಿಗಿ ಮಾಡಿದ್ದೀರಿ! ನನ್ನ ಮೊದಲನೇ ವರ್ಷ ನಾನೂ ಹೀಗೇ ಮಾಡಿ ಒಬ್ಬರ ಒಳ್ಳೇ ಹಲ್ಲು...

ಅವರು ಅಲ್ಲಿಗೇ ನಿಲ್ಲಿಸಿದರು. ಹೆಂಡತಿ ಮಾತ್ರ ಕಾರಿನೊಳಗೆ ಚಪ್ಪಾಳೆ ತಟ್ಟಿದಳು.

ಹೆಂಡತಿ: ಎಡ ಬಲ ಗೊತ್ತಿಲ್ಲದೋರು ನನ್ನ ಎಡಗಾಲಿಗೆ ಹೆಸರಿಡ್ತಾರೆ!

ನಾನು: ಆಯ್ತು, ಹೇಳಿ ಡಾಕ್ಟ್ರೇ, ಈಗ ಯಾವ ಕಡೆ?

ಡಾಕ್ಟ್ರು: ಬಲಕ್ಕೆ. ಕನ್ನಡಿಯ ಬಲಕ್ಕೆ.

ನಾನು: ಕನ್ನಡಿಯ ಬಲ ಅಂದ್ರೆ ನನ್ನ ಎಡ ತಾನೇ?

ಡಾಕ್ಟ್ರು: ನಿಮ್ಮ ಎಡ, ನನ್ನ ಬಲ. ನಾನು ನಿಮ್ಮ ಎದುರಿಗೆ ನಿಂತಿದ್ದೀನಲ್ಲ.

ಹೆಂಡತಿ: ನನ್ನ ಕಡೆಯಿಂದ ನೋಡಿದ್ರೆ ಯಾವ ಕಡೆ?

ನಾನು: ನಿನ್ನ ಕಡೆಯಿಂದ ಬಾನೆಟ್ ಬಿಟ್ರೆ ಏನು ಕಾಣುತ್ತೆ?

ಹೆಂಡತಿ: ನಿಮ್ಮ ಸೊಂಟ ಕಾಣುತ್ತೆ. ಈ ವರ್ಷವೂ ಬಿಚ್ಚಬೇಕು.

ಈ ಸಲ ನಾನು ಅಭಿಮಾನಕ್ಕೆ ಬಿದ್ದು ಎಷ್ಟು ತಿರುಗಿಸಿದೆನೆಂದರೆ, ನಟ್ಟು ಇನ್ನೇನು ಕೈಗೇ ಬರುವುದರಲ್ಲಿತ್ತು. ಹೆಂಡತಿ ಎಂಜಿನ್ ಶುರು ಮಾಡಿ ಪೆಡಲ್ ಒತ್ತಿದಳು. ಪೆಡಲ್ಲು ಬೆಣ್ಣೆಯೊಳಗೆ ಹೋದಂತೆ ಹೋಯಿತಂತೆ. ಗೇರು ಹಾಕಿದಳು.

'ಕರ್ರ್ರ್ರ್...' ಎಂಬ ಸದ್ದಿಗೆ ಎದುರು ಮನೆಯ ಕಿಟಕಿ ಮುಚ್ಚಿಕೊಂಡಿತು.

ಡಾಕ್ಟ್ರು (ಕಣ್ಣರಳಿಸಿ): ಹಲ್ಲು ಕಡೀತಿದೆ! ಕೇಳಿಸ್ತಾ? ಶುದ್ಧ ಹಲ್ಲು ಕಡಿಯೋ ಸದ್ದು!

ನಾನು: ಗೇರಿನ ಹಲ್ಲು ಡಾಕ್ಟ್ರೇ.

ಡಾಕ್ಟ್ರು: ಹಲ್ಲು ಅಂದ ಮೇಲೆ ಹಲ್ಲೇ. ಇದಕ್ಕೆ ಕಾರಣ ಮನಸ್ಸಿನ ಒತ್ತಡ. ಮನೆಯಲ್ಲಿ ಜಗಳ ಜಾಸ್ತಿ ಇದೆಯಾ?

ಹೆಂಡತಿ ಮತ್ತು ನಾನು (ಒಟ್ಟಿಗೆ): ಇಲ್ಲ!

ಡಾಕ್ಟ್ರು: ಮನೆಯೋರು ಒಪ್ಪಿಕೊಳ್ಳಲ್ಲ. ಹಲ್ಲು ಹೇಳಿಬಿಡುತ್ತೆ.

ಈಗ ಕ್ಲಚ್ಚು ಹಿಡಿದರೂ ಬಿಡುತ್ತಿರಲಿಲ್ಲ. ಮೊದಲು ಬಿಟ್ಟರೂ ಹಿಡಿಯುತ್ತಿರಲಿಲ್ಲ. ಅಂದರೆ ನಾವು ಕಾಯಿಲೆಯನ್ನು ಗುಣಪಡಿಸಿದ್ದೆವು, ಅದರ ವಿರುದ್ಧದ ಕಾಯಿಲೆಯನ್ನು ತಂದಿದ್ದೆವು. ನಡುವೆ ಎಲ್ಲೋ ಒಂದು ಕಡೆ ಆರೋಗ್ಯವಿರಬೇಕು. ಅದನ್ನು ಹುಡುಕುತ್ತ ಮೂವರೂ ಒಟ್ಟಿಗೆ ಕೂಗಾಡತೊಡಗಿದೆವು. ಡಾಕ್ಟರು ಕನ್ನಡಿಯ ಬಲ ಹೇಳುವರು. ನಾನು ಅದನ್ನು ತಿರುವುಮುರುವು ಮಾಡಿಕೊಳ್ಳುವೆ. ನಾನು ತಪ್ಪಾಗಿ ತಿರುವುಮುರುವು ಮಾಡುವೆನೆಂದು ಡಾಕ್ಟರು ಮೊದಲೇ ಲೆಕ್ಕ ಹಾಕಿ ಎಡ ಎನ್ನುವರು. ಅವರು ಹಾಗೆ ಲೆಕ್ಕ ಹಾಕಿರಬಹುದೆಂದು ನಾನು ಬಲಕ್ಕೆ ತಿರುಗಿಸುವೆ. ಹೆಂಡತಿ ಇಬ್ಬರನ್ನೂ ನಂಬದೆ ಒತ್ತಬೇಕಾದಾಗ ಎತ್ತುವಳು. ಯಾರು ಎಷ್ಟು ತಪ್ಪು ಮಾಡಿದೆವೋ, ಯಾವ ತಪ್ಪಿಗೆ ಯಾವ ತಪ್ಪು ಅಡ್ಡ ನಿಂತಿತೋ, ಇದ್ದಕ್ಕಿದ್ದಂತೆ ಗೇರು ಸದ್ದಿಲ್ಲದೆ ಬಿತ್ತು.

ಹೆಂಡತಿ: ಬಿತ್ತು! ಗೇರು ಬಿತ್ತು! ಈಗ ಹ್ಯಾಂಡ್ ಬ್ರೇಕ್ ಎಳೆದು ಬಿಡ್ತೀನಿ... ಬಿಡ್ತಿದ್ದೀನಿ...

ಕಾರು ಒಮ್ಮೆ ಮೈ ಝಾಡಿಸಿ, ಗಕ್ಕನೆ ಸುಮ್ಮನಾಯಿತು.

ನಾನು: ಸತ್ತಿತು! ಸತ್ತಿತು!

ಹೆಂಡತಿ: ಸತ್ತೇಹೋಯ್ತು ರೀ!

ಡಾಕ್ಟ್ರು: ಎಷ್ಟು ಚೆನ್ನಾಗಿ ಸತ್ತಿತು!

ನಾನೂ ಡಾಕ್ಟರೂ ಕೈ ಕೈ ಹಿಡಿದು ಬಾನೆಟ್ಟಿನ ಮುಂದೆ ಕುಣಿದೆವು. ನಮ್ಮ ವಯಸ್ಸಿಗೆ ಅದನ್ನು ಕುಣಿತವೆನ್ನುವುದು ದೊಡ್ಡ ಮಾತು. ಇಬ್ಬರೂ ಒಬ್ಬರನ್ನೊಬ್ಬರು ಬೀಳದಂತೆ ಹಿಡಿದುಕೊಂಡು ಅಲ್ಲಾಡಿದೆವು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ಲಿನಿಂದ ಇಳಿದು, ಮುಖ ಸಣ್ಣ ಮಾಡಿಕೊಂಡು ಗೇಟಿನ ಹತ್ತಿರ ಬಂದರು.

ಸೈಕಲ್ಲಿನವರು: ಕೇಳಿಸ್ತು... ಯಾರು ಸ್ವಾಮಿ? ವಯಸ್ಸಾಗಿತ್ತಾ?

ನಾನು: ಆಗಿತ್ತು. ಬೆಳಗ್ಗೆಯಿಂದ ಒಂದೇ ಸಮ ಅರಚಾಟ.

ಸೈಕಲ್ಲಿನವರು: ಪಾಪ. ಹತ್ತಿರದಲ್ಲಿ ಡಾಕ್ಟ್ರು ಯಾರೂ ಇರಲಿಲ್ವಾ?

ಡಾಕ್ಟ್ರು: ನಾನೇ ಇದ್ದೆನಲ್ಲ. ಕೊನೇವರೆಗೂ ಜೊತೇಲೇ ಇದ್ದೆ. ತುಂಬಾ ಸಂತೋಷವಾಯ್ತು.

ಅದೇ ಹೊತ್ತಿಗೆ ಹೆಂಡತಿ ಕೀಲಿ ತಿರುಗಿಸಿದಳು. 'ನೋಡಿ, ಮತ್ತೆ ಎದ್ದಿತು!' ಎಂದು ಒಳಗಿನಿಂದ ಕೂಗಿದಳು. ಸೈಕಲ್ಲಿನವರು ಸೈಕಲ್ ಹತ್ತಿದರು. ಅಷ್ಟು ವೇಗವಾಗಿ ಆ ಬೀದಿಯಲ್ಲಿ ಯಾರೂ ಸೈಕಲ್ ತುಳಿದದ್ದನ್ನು ನಾನು ನೋಡಿಲ್ಲ.

ನಾನು ಬಾನೆಟ್ ಮುಚ್ಚಿ, ಗಂಭೀರನಾಗಿ, ಡ್ರೈವರ್ ಬಾಗಿಲ ಹತ್ತಿರ ಹೋಗಿ ನಿಂತೆ.

ನಾನು: ಹೂಂ, ಈಗ ತೀರ್ಪು ಆಗಲಿ. ಡಾಕ್ಟ್ರೇ, ಯಾರ ಕಾಲು?

ಡಾಕ್ಟರು ಹೆಂಡತಿಗೆ ಕಾಲನ್ನು ಪಕ್ಕಕ್ಕೆ ಸರಿಸಲು ಹೇಳಿ, ಬಗ್ಗಿ, ಪೆಡಲ್ಲಿನ ರಬ್ಬರನ್ನು ಉಗುರಿನಿಂದ ಕೆರೆದು ನೋಡಿದರು.

ಡಾಕ್ಟ್ರು: ಸವೆತ ಇದೆ. ಒಂದೇ ಸಮ ಕಾಲಿಟ್ಟು ಆಗಿರೋ ಸವೆತ. ಆದ್ರೆ ಯಾರದು ಅಂತ ಹೇಳೋಕಾಗಲ್ಲ. ಹಲ್ಲಿನ ಗುರುತಾಗಿದ್ರೆ ಹೆಸರು ವಿಳಾಸ ಎರಡೂ ಹೇಳಿಬಿಡ್ತಿದ್ದೆ.

ನಾನು: ಹಾಗಾದ್ರೆ ತೀರ್ಪಾಗೋವರೆಗೆ ಹಿರಿಯರು ಓಡಿಸೋದು ನ್ಯಾಯ. ಇಳಿ.

ಹೆಂಡತಿ: ಇಳೀಬಹುದು. ಆದ್ರೆ ಒಂದು ತೊಂದರೆ ಇದೆ. ಈಗ ಎಂಜಿನ್ ಓಡ್ತಿದೆ, ಆಗಲೇ ಗೇರು ಹಾಕಿ ಹ್ಯಾಂಡ್ ಬ್ರೇಕ್ ಇಳಿಸಿದ್ದೀನಿ, ಕ್ಲಚ್ ಒತ್ತಿಕೊಂಡಿದ್ದೀನಿ. ಇಳೀಬೇಕು ಅಂದ್ರೆ ಕಾಲು ತೆಗೀಬೇಕು. ಕಾಲು ತೆಗೆದ್ರೆ ಗಾಡಿ ಹೋಗುತ್ತೆ. ನೀವೇ ತಾನೇ ಹೇಳಿಕೊಟ್ಟಿದ್ದು?

ನಾನು: ಗೇರು ತೆಗೀಬಹುದಲ್ಲ!

ಹೆಂಡತಿ: ಅದು ಇನ್ನೂ ಪಾಠ ಆಗಿಲ್ಲ. ಹತ್ತುತ್ತೀರಾ, ಬಿಡಲಾ?

ಹತ್ತಿದೆ. ಅದೂ ಎಡಗಡೆಯ ಸೀಟಿಗೆ. ಡಾಕ್ಟರು ಹಿಂದಿನ ಸೀಟಿನಲ್ಲಿ ಆಗಲೇ ಕೂತು ಬಾಗಿಲು ಹಾಕಿಕೊಂಡಿದ್ದರು. ರೋಗಿಯನ್ನು ಮನೆ ಮುಟ್ಟುವವರೆಗೆ ನೋಡಿಕೊಳ್ಳುವುದು ಅವರ ಪದ್ಧತಿಯಂತೆ. ಹೆಂಡತಿ ಮೆಲ್ಲಗೆ ಕಾಲೆತ್ತಿದಳು. ಕಾರು ಏರನ್ನು ಹತ್ತಿತು, ಗೇಟು ದಾಟಿತು. ನಮ್ಮ ಕಾರು ಅಷ್ಟು ಮರ್ಯಾದೆಯಿಂದ ಹೊರಟದ್ದನ್ನು ನಾನು ಸ್ಟೇರಿಂಗಿನಲ್ಲಿ ಕೂತಾಗ ಕಂಡಿರಲಿಲ್ಲ. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ನಾನು: ಗೇರು ಬದಲಾಯಿಸು. ತಡ ಆಯ್ತು. ಆ ಬಸ್ಸಿಗೆ ಜಾಗ ಬಿಡು. ಕಾಲು! ನಿನ್ನ ಕಾಲು ಎಲ್ಲಿದೆ? ಪೆಡಲ್ ಮೇಲೇ ಇದೆ ತಾನೇ?

ಹೆಂಡತಿ: ಬಗ್ಗಿ ನೋಡಿ. ಪಕ್ಕದಲ್ಲಿ ನೆಲದ ಮೇಲಿದೆ.

ಬಗ್ಗಿ ನೋಡಿದೆ. ನಿಜ. ಅವಳ ಎಡಗಾಲು ಪೆಡಲ್ಲಿನಿಂದ ಗೇಣು ದೂರದಲ್ಲಿ ಚೊಕ್ಕವಾಗಿ ಕೂತಿತ್ತು. ಗೇರು ಹಾಕುವಾಗ ಬಂದು ಒತ್ತಿ, ಮತ್ತೆ ತನ್ನ ಜಾಗಕ್ಕೆ ಹೋಗುತ್ತಿತ್ತು.

ದೊಡ್ಡ ಚೌಕದಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಹೆಂಡತಿ ಸುಮ್ಮನೆ ಒಮ್ಮೆ ನನ್ನ ಕಡೆ ತಿರುಗಿದಳು, ಆಮೇಲೆ ಕೆಳಗೆ ನೋಡಿದಳು. ಆಮೇಲೆ ಬಹಳ ಹೊತ್ತು ಕೆಳಗೇ ನೋಡಿದಳು.

ಹೆಂಡತಿ: ರೀ. ನಿಮ್ಮ ಎಡಗಾಲು ಏನು ಮಾಡ್ತಿದೆ?

ನಾನೂ ನೋಡಿದೆ. ನನ್ನ ಎಡಗಾಲು, ನನ್ನನ್ನು ಒಂದು ಮಾತೂ ಕೇಳದೆ, ಮುಂದಿನ ತಗಡಿಗೆ ಅಂಗಾಲು ಆನಿಸಿಕೊಂಡಿತ್ತು. ಪೂರ್ತಿ ಒತ್ತಿಯೂ ಇಲ್ಲ, ಪೂರ್ತಿ ಎತ್ತಿಯೂ ಇಲ್ಲ. ಇಲ್ಲದ ಪೆಡಲ್ಲನ್ನು ಅರ್ಧ ಹಿಡಿದು, ಅರ್ಧ ಬಿಟ್ಟು, ಗೇಟಿನಿಂದ ಇಲ್ಲಿಯವರೆಗೆ ನೆಮ್ಮದಿಯಾಗಿ ಕಾರು ಓಡಿಸಿಕೊಂಡು ಬಂದಿತ್ತು.

ಹೆಂಡತಿ: ಡಾಕ್ಟ್ರೇ, ಸ್ವಲ್ಪ ಇಲ್ಲಿ ನೋಡಿ.

ಡಾಕ್ಟ್ರು (ಎರಡು ಸೀಟುಗಳ ನಡುವೆ ಕತ್ತು ತೂರಿಸಿ): ಓಹೋ!

ನಾನು: ಅದು... ಜೋಮು ಹಿಡಿದಿದೆ ಡಾಕ್ಟ್ರೇ.

ಹೆಂಡತಿ: ಇಪ್ಪತ್ತು ವರ್ಷದಿಂದ ಹಿಡಿದಿದೆಯಾ?

ಡಾಕ್ಟ್ರು: ತೀರ್ಪು ಬರ್ಕೊಳ್ಳಿ ಅಮ್ಮಾ. ಎಡಗಾಲು. ಗಂಡಸರದು. ಬೇರು ತುಂಬಾ ಆಳಕ್ಕೆ ಹೋಗಿದೆ. ಕೀಳೋಕಾಗಲ್ಲ.

ಹಸಿರು ದೀಪ ಬಿತ್ತು. ಹೆಂಡತಿ ಪೆಡಲ್ ಒತ್ತಿ, ಗೇರು ಹಾಕಿ, ಎಡಗಾಲನ್ನು ಮತ್ತೆ ಅದರ ಜಾಗಕ್ಕೆ ಕಳಿಸಿದಳು. ನಾನು ಎರಡೂ ಕಾಲುಗಳನ್ನು ಮಡಿಸಿ ಸೀಟಿನ ಮೇಲೇ ಇಟ್ಟುಕೊಂಡು ಕೂತೆ.

ತಂಗಿ ಗೇಟಿನಲ್ಲೇ ನಿಂತಿದ್ದಳು. ಹೆಂಡತಿ ಕಾರನ್ನು ಒಂದೇ ಸಲಕ್ಕೆ ಗೇಟಿನೊಳಗೆ ತಿರುಗಿಸಿ, ಗೋಡೆಗೂ ಹೂಕುಂಡಕ್ಕೂ ತಾಗದಂತೆ ನಿಲ್ಲಿಸಿ, ಗೇರು ತೆಗೆದು, ಬ್ರೇಕ್ ಎಳೆದು, ಕೀಲಿಯನ್ನು ಬೆರಳಲ್ಲಿ ಆಡಿಸುತ್ತ ಇಳಿದಳು. ಹಿಂದಿನಿಂದ ಒಬ್ಬ ಹಲ್ಲಿನ ಡಾಕ್ಟರು ಇಳಿದರು. ಎಡಗಡೆ ನಾನು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಪದ್ಮಾಸನದಲ್ಲಿ.

ತಂಗಿ: ಅಕ್ಕಾ! ನಿಜವಾಗ್ಲೂ ನೀನೇ ಓಡಿಸ್ಕೊಂಡು ಬಂದ್ಯಾ? ಭಾವ ಕಾರು ಬಿಡಲಿಲ್ವಾ?

ಹೆಂಡತಿ: ಬಿಟ್ರು ಕಣೇ. ಇವತ್ತಿಂದ ಬಿಟ್ಟೇಬಿಟ್ರು.